ಅಜ್ಜನ ಕಾಲದ ಹೆಂಚಿನ ಮನೆ ಉಳಿಸಿಕೊಳ್ಳೋಣ

ಮಲೆನಾಡಿನ ನಿಮ್ಮ ಹಳೇ ಮನೆ ಸೋರ್ತಾ ಇದೆಯಾ? ಕೆಡವೋ ಮಾತು ಬೇಡ. ಮೊದಲು ಮಾಡು ನೋಡಿ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ ಬೆಳೆದ ಮಾಡು ಇದು. ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಸಂದಿನಲ್ಲಿ ತರಗೆಲೆ ತುಂಬಿದರೆ ನೀರು ಹಿಂದಕ್ಕೆ ನುಗ್ಗುತ್ತೆ. ಮೊದಲು ರೀಪು ಕೊಳೆಯುತ್ತೆ, ಆಮೇಲೆ ಪಕಾಸು, ಕೊನೆಗೆ ಗೋಡೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲೇಬೇಕು. ಹೊಸ ಹೆಂಚು ತರೋಕೆ ಹೋಗುವಾಗ ಹಳೇದೊಂದನ್ನು ಜೊತೆಗೆ ಒಯ್ಯಿರಿ. ಅಚ್ಚು ಬೇರೆಯಾದರೆ ಕೂರೋದೇ ಇಲ್ಲ.

ಇನ್ನು ಮಣ್ಣಿನ ಗೋಡೆ. ದಯವಿಟ್ಟು ಸಿಮೆಂಟ್ ಬಳಿಯಬೇಡಿ! ಒಳಗಿನ ತೇವ ಹೊರಬರಲಾಗದೆ ಮಣ್ಣು ಒಳಗೊಳಗೇ ಸಡಿಲವಾಗುತ್ತೆ, ಗಾರೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಸುಣ್ಣದ ಗಾರೆ ಸಾಕು, ಅದು ತೇವವನ್ನು ಹೊರಗೆ ಬಿಡುತ್ತೆ. ಇರಚಲು ಹೊಡೆಯೋ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಹಿರಿಯರ ಈ ಉಪಾಯಕ್ಕಿಂತ ಒಳ್ಳೇದು ನನಗಂತೂ ಕಂಡಿಲ್ಲ.

ಗೋಡೆಗೆ ತಾಗಿಸಿ ಸೌದೆ ಒಟ್ಟಬೇಡಿ, ಗೆದ್ದಲು ಹತ್ತೋದು ಅಲ್ಲಿಂದಲೇ.

ಮನೆ ಹಿಂದೆ ಧರೆ ಇದೆಯಾ? ಅದರ ಬುಡದ ಚರಂಡಿಯನ್ನು ಮೇ ತಿಂಗಳಲ್ಲೇ ಬಿಡಿಸಿ. ಧರೆ ಮೇಲಿನ ಗಿಡಗಳನ್ನು ಮಾತ್ರ ಬುಡಸಮೇತ ಕೀಳಬೇಡಿ, ಮಣ್ಣನ್ನು ಹಿಡಿದಿರೋದು ಆ ಬೇರುಗಳೇ.