ಸೂಜಿಮದ್ದು ಎಂದರೆ ಎಲ್ಲವೂ ಒಂದೇ ಅಲ್ಲ

ಗದಗ ತಾಲ್ಲೂಕಿನ ಕಣಗಿನಹಾಳದ ಹೆಸರನ್ನು ನೀವು ಶಾಲೆಯಲ್ಲಿ ಕೇಳಿರುತ್ತೀರಿ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ, ದೇಶದ ಮೊಟ್ಟಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ ಊರು ಅದು. ಆ ವರ್ಷ ಆ ಊರಿನ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮಧುಮೇಹ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ತಂದೆಗೆ ಸಂಘದಿಂದ ಸಾಲ ಸಿಗುತ್ತಿತ್ತೇನೋ, ಔಷಧಿ ಮಾತ್ರ ಸಿಗುತ್ತಿರಲಿಲ್ಲ. ಕಣಗಿನಹಾಳದಲ್ಲಷ್ಟೇ ಅಲ್ಲ, ಲಂಡನ್ನಿನಲ್ಲಿಯೂ ಸಿಗುತ್ತಿರಲಿಲ್ಲ. ಔಷಧಿ ಆಗ ಜಗತ್ತಿನಲ್ಲೇ ಇರಲಿಲ್ಲ.

ಅದು ಬಂದದ್ದು ಹದಿನೇಳು ವರ್ಷಗಳ ನಂತರ. ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗ ಸಾವಿನ ಅಂಚಿನಲ್ಲಿ ಮಲಗಿದ್ದ. ಅವನ ತೂಕ ಮೂವತ್ತು ಕಿಲೋ ಕೂಡ ಇರಲಿಲ್ಲ. ಆ ಕಾಲದ ವೈದ್ಯರಿಗೆ ಗೊತ್ತಿದ್ದ ಒಂದೇ ಉಪಾಯವೆಂದರೆ ರೋಗಿಯನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದು. 1922ರ ಜನವರಿ 11ರಂದು ಅವನಿಗೆ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದರು. ಹೆಚ್ಚೇನೂ ಗುಣ ಕಾಣಲಿಲ್ಲ. ಕೊಲಿಪ್ ಎಂಬ ರಸಾಯನ ವಿಜ್ಞಾನಿ ಅದನ್ನು ಶುದ್ಧಗೊಳಿಸಿ ಕೊಟ್ಟ ಮೇಲೆ, ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗನ ರಕ್ತದಲ್ಲಿನ ಸಕ್ಕರೆ ಇಳಿಯಿತು. ಅವನು ಇನ್ನೂ ಹದಿಮೂರು ವರ್ಷ ಬದುಕಿದ. ಆ ಸಾರವೇ ಇನ್ಸುಲಿನ್. ಮರುವರ್ಷ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಇಷ್ಟು ಕಷ್ಟದಿಂದ ಬಂದ ಔಷಧಿಯ ಬಗ್ಗೆ ಇಂದು ನಮ್ಮ ಊರುಗಳಲ್ಲಿ ಯಾವ ಮಾತು ನಡೆಯುತ್ತದೆ? ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುತ್ತಾರೆ: "ಗುಳಿಗಿ ಇರೂತನಕ ಪಾಡರಿ. ಸೂಜಿಗೆ ಬಂತು ಅಂದ್ರ ಮುಗೀತು ಬಿಡ್ರಿ." ಅದೇ ಊರಿನಿಂದ ಬಸ್ಸು ಹತ್ತಿ ಗದಗಿನ ಕಾಲೇಜಿಗೆ ಹೋಗುವ ಹುಡುಗರ ಮಾತು ಬೇರೆ: "ವಾರಕ್ಕೊಂದ್ ಇಂಜೆಕ್ಷನ್ ಅಂತಲೇ, ಹತ್ತ್ ಕೆಜಿ ಇಳೀತೈತಂತ." ಅಜ್ಜನಿಗೆ ಸೂಜಿ ಎಂದರೆ ಭಯ, ಮೊಮ್ಮಗನಿಗೆ ಸೂಜಿ ಎಂದರೆ ಆಸೆ. ಇಬ್ಬರೂ ಮಾಡುವ ತಪ್ಪು ಒಂದೇ. ಸೂಜಿಯನ್ನು ನೋಡುತ್ತಾರೆ, ಸೂಜಿಯ ಒಳಗೆ ಏನಿದೆ ಎಂಬುದನ್ನು ನೋಡುವುದಿಲ್ಲ.

ಮೊದಲು ಅಜ್ಜನ ಸೂಜಿ. ನಾವು ತಿಂದ ರೊಟ್ಟಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ರಕ್ತದಿಂದ ಅದು ಸ್ನಾಯು, ಕೊಬ್ಬು ಮುಂತಾದ ಜೀವಕೋಶಗಳ ಒಳಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ಹಾರ್ಮೋನು ಬೇಕು. ಅದಿಲ್ಲದಿದ್ದರೆ ಹಗೇವಿನ ತುಂಬ ಜೋಳವಿದ್ದೂ ತೆಗೆಯುವವರಿಲ್ಲದೆ ಮನೆಮಂದಿ ಹಸಿದು ಮಲಗಿದಂತೆ. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿ, ನಿಮ್ಮ ವಯಸ್ಸಿನವರಲ್ಲಿ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಹೆಚ್ಚು ತಿಂದದ್ದರಿಂದ ಬಂದದ್ದಲ್ಲ, ತಂದೆತಾಯಿಯ ತಪ್ಪೂ ಅಲ್ಲ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ವರ್ಷಗಳು ಕಳೆದಂತೆ ಅದರ ತಯಾರಿಕೆಯೂ ಕುಗ್ಗುತ್ತ ಹೋಗುತ್ತದೆ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಈ ಎರಡನೆಯ ಬಗೆಯವರೇ.

"ಇನ್ಸುಲಿನ್ ಚಾಲೂ ಮಾಡಿದ ಮೇಲೆ ಕಣ್ಣು ಹೋದವು, ಕಾಲು ತೆಗೆದರು" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಹುಟ್ಟಿದ್ದು ಹೀಗೆ. ಸೂಜಿಗೆ ಹೆದರಿ ಹತ್ತು ವರ್ಷ ಏರಿದ ಸಕ್ಕರೆಯಲ್ಲೇ ಕಾಲ ಕಳೆದವರಿಗೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಅಷ್ಟರಲ್ಲಿ ಕೆಟ್ಟಿರುತ್ತವೆ. ಕೊನೆಗೆ ಬೇರೆ ದಾರಿ ಕಾಣದೆ ಇನ್ಸುಲಿನ್ ಶುರುವಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಿಮಗೆ ಗೊತ್ತು. ಇಲ್ಲಿ ಬಾಗಿಲು ಹಾಕಲು ಬಂದವನನ್ನೇ ಕೊಳ್ಳೆಗಾರನೆಂದು ಹಿಡಿದಿದ್ದಾರೆ!

ಒಮ್ಮೆ ಶುರುಮಾಡಿದರೆ ಚಟವಾಗುತ್ತದೆ ಎಂಬುದೂ ಸರಿಯಲ್ಲ. ಗರ್ಭಿಣಿಯರಿಗೆ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ, ತೀವ್ರ ಸೋಂಕು ತಗಲಿದಾಗ ಇನ್ಸುಲಿನ್ ಕೊಟ್ಟು ಆಮೇಲೆ ನಿಲ್ಲಿಸುವುದುಂಟು. ಒಂದನೆಯ ಬಗೆಯವರು ಜೀವನವಿಡೀ ತೆಗೆದುಕೊಳ್ಳುವುದು ಚಟದಿಂದಲ್ಲ. ದೇಹ ತಯಾರಿಸದ ವಸ್ತುವನ್ನು ಹೊರಗಿನಿಂದ ಕೊಡದೆ ಗತಿಯಿಲ್ಲ. ಇವರು ಯಾರದೋ ಮಾತು ಕೇಳಿ ಬೇರು, ಕಷಾಯ ಎಂದು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲಮಯವಾಗುತ್ತದೆ. ಹೊಟ್ಟೆನೋವು, ವಾಂತಿ, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬರುತ್ತದೆ. ಮನೆಯವರು ಅಜೀರ್ಣವೆಂದು ಓಮಿನ ನೀರು ಕೊಡುತ್ತ ಕೂರುತ್ತಾರೆ. ಆ ಒಂದು ರಾತ್ರಿಯ ತಡ ಪ್ರಾಣಕ್ಕೆ ಮುಳುವಾಗಬಹುದು. ಹಾಸ್ಟೆಲಿನಲ್ಲಿ ನಿಮ್ಮ ಕೋಣೆಯ ಗೆಳೆಯ ಮರೆಯಲ್ಲಿ ನಿಂತು ಸೂಜಿ ಚುಚ್ಚಿಕೊಳ್ಳುತ್ತಿದ್ದರೆ, ಅವನು ಅಡಗಿಸುತ್ತಿರುವುದು ನಿಮ್ಮ ನಗೆಗೆ ಹೆದರಿ ಎಂಬುದು ನೆನಪಿರಲಿ.

ನಮ್ಮ ಕಡೆಯ ಕೆಲವು ಸಸ್ಯಾಹಾರಿ ಮನೆಗಳಲ್ಲಿ ಇನ್ನೊಂದು ಅಳುಕಿದೆ. ಇದು ಪ್ರಾಣಿಯಿಂದ ತೆಗೆದದ್ದಲ್ಲವೇ ಎಂದು. ಒಂದು ಕಾಲಕ್ಕೆ ಹೌದು, ದನ ಮತ್ತು ಹಂದಿಯ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. 1982ರಿಂದ ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಸೂಕ್ಷ್ಮಜೀವಿಗಳಲ್ಲಿ ಸೇರಿಸಿ ಬೆಳೆಸುವ ವಿಧಾನ ಬಳಕೆಗೆ ಬಂತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ ಒಂದು ಬಗೆಯ ಯೀಸ್ಟ್‌ನಲ್ಲಿ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು.

ಇನ್ನು ಮೊಮ್ಮಗನ ಸೂಜಿ. ಇದು ಇನ್ಸುಲಿನ್ ಅಲ್ಲ. ಊಟ ಕರುಳಿಗೆ ಇಳಿದಾಗ ಕರುಳೇ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಮೇದೋಜೀರಕ ಗ್ರಂಥಿಗೆ "ಇನ್ಸುಲಿನ್ ಬಿಡು" ಎನ್ನುತ್ತದೆ, ಜಠರಕ್ಕೆ "ನಿಧಾನಿಸು" ಎನ್ನುತ್ತದೆ, ಮಿದುಳಿಗೆ "ಸಾಕು" ಎನ್ನುತ್ತದೆ. ಆದರೆ ಒಂದೆರಡು ನಿಮಿಷಗಳಲ್ಲೇ ಒಡೆದುಹೋಗುತ್ತದೆ. ಹೆಚ್ಚು ಹೊತ್ತು ಉಳಿಯುವ ಇಂಥದೇ ವಸ್ತು ವಿಜ್ಞಾನಿಗಳಿಗೆ ಮೊದಲು ದೊರೆತದ್ದು ಎಲ್ಲಿ ಗೊತ್ತೇ? ಅಮೆರಿಕದ ಮರುಭೂಮಿಯಲ್ಲಿರುವ, ನಮ್ಮ ಉಡವನ್ನು ನೆನಪಿಸುವ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ! ಅದರ ಆಧಾರದಿಂದ ಪ್ರಯೋಗಾಲಯದಲ್ಲಿ ತಯಾರಿಸಿದ ಎಕ್ಸೆನಟೈಡ್ 2005ರಲ್ಲಿ ಔಷಧಿಯಾಯಿತು. ನಂತರ ಬಂದ ಸೆಮಗ್ಲುಟೈಡ್ ಮಾನವ ಹಾರ್ಮೋನನ್ನೇ ತಿದ್ದಿ ಮಾಡಿದ್ದು. ಅದು ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಏಳು ದಿನ ಬೇಕು. ಆದ್ದರಿಂದ ವಾರಕ್ಕೊಂದೇ ಸಲ ಚುಚ್ಚಿದರೆ ಸಾಕು. ಒಜೆಂಪಿಕ್, ವೆಗೋವಿ ಎಂಬ ಹೆಸರುಗಳು ಇದರವೇ. ಮೌಂಜಾರೊ ಎಂಬುದರಲ್ಲಿರುವ ಟಿರ್ಜೆಪಟೈಡ್ ಇಂಥ ಎರಡು ಕರುಳ ಹಾರ್ಮೋನುಗಳ ಕೆಲಸ ಮಾಡುತ್ತದೆ.

ವ್ಯತ್ಯಾಸ ಗಮನಿಸಿ. ಇನ್ಸುಲಿನ್ ಇಲ್ಲದ್ದನ್ನು ತುಂಬಿಕೊಡುತ್ತದೆ. ಈ ಹೊಸ ಮದ್ದು ಇರುವುದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಹೀಗಾಗಿ ಒಂದನೆಯ ಬಗೆಯವರು ಇನ್ಸುಲಿನ್ ಬಿಟ್ಟು ವಾರದ ಸೂಜಿಗೆ ಹೋದರೆ ಅಪಾಯ ತಪ್ಪಿದ್ದಲ್ಲ.

ಇದು ಕೊಬ್ಬನ್ನು ಕರಗಿಸುವ ಮದ್ದು ಎಂಬುದು ಬಹಳ ಜನರ ನಂಬಿಕೆ. ಬೆಣ್ಣೆ ಕರಗಿದಂತೆ ಯಾವುದೂ ಕರಗುವುದಿಲ್ಲ. ಹಸಿವು ಕಡಿಮೆಯಾಗಿ ಊಟ ಕಡಿಮೆಯಾಗುತ್ತದೆ, ಅದರಿಂದ ತೂಕ ಇಳಿಯುತ್ತದೆ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಒಂದಿಷ್ಟು ಹೋಗುತ್ತದೆ. ಹಾಗೆಂದು ಇದು ಮೋಸದ ಮದ್ದೂ ಅಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಸೆಮಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇಕಡಾ 15ರಷ್ಟು ಇಳಿಯಿತು. ಅದೇ ಆಹಾರ ಮತ್ತು ವ್ಯಾಯಾಮದ ಸಲಹೆಯೊಂದಿಗೆ ಬರಿಯ ಹುಸಿಮದ್ದು ಪಡೆದವರಲ್ಲಿ ಇಳಿದದ್ದು ಶೇಕಡಾ 2.4 ಮಾತ್ರ. ಬೊಜ್ಜೆಂದರೆ ಸೋಮಾರಿತನ, ಮನಸ್ಸು ಗಟ್ಟಿಮಾಡಿದರೆ ಸಾಕು ಎಂದು ಉಪದೇಶಿಸುವವರು ಈ ಎರಡು ಅಂಕಿಗಳನ್ನು ಒಮ್ಮೆ ನೋಡಬೇಕು. ಹೃದ್ರೋಗವಿದ್ದ ಸ್ಥೂಲಕಾಯರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವುಗಳು ಒಟ್ಟಾರೆ ಶೇಕಡಾ 20ರಷ್ಟು ಕಡಿಮೆಯಾದದ್ದು 2023ರಲ್ಲಿ ತಿಳಿದುಬಂತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗೆಯ ಮದ್ದುಗಳನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಆದರೆ ಒಂದು ಕೋರ್ಸ್ ಮುಗಿಸಿ ಬಿಟ್ಟರಾಯಿತು ಎನ್ನುವ ಲೆಕ್ಕ ತಪ್ಪು. ಮೇಲೆ ಹೇಳಿದ ಪ್ರಯೋಗದಲ್ಲೇ, ಮದ್ದು ನಿಲ್ಲಿಸಿದವರನ್ನು ಒಂದು ವರ್ಷದ ನಂತರ ತೂಗಿದಾಗ, ಇಳಿದಿದ್ದರಲ್ಲಿ ಮೂರನೆಯ ಎರಡು ಪಾಲು ತೂಕ ಮರಳಿ ಬಂದಿತ್ತು. ಈಗ ನೀವೇ ಲೆಕ್ಕ ಹಾಕಿ. ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಅತಿ ಕಡಿಮೆ ಪ್ರಮಾಣದ ಒಂದು ಸೀಸೆಗೆ 3,500 ರೂಪಾಯಿ. ನಾಲ್ಕು ವಾರಕ್ಕೆ 14,000. ಸೆಮಗ್ಲುಟೈಡ್ ಮೇಲಿನ ಪೇಟೆಂಟಿನ ಅವಧಿ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗಿನದು. ಪೇಟೆಂಟ್ ಮುಗಿದರೆ ಬೇರೆ ಕಂಪನಿಗಳೂ ತಯಾರಿಸಬಹುದು, ಬೆಲೆ ಇಳಿಯಬಹುದು. ಬೆಲೆ ಇಳಿದಷ್ಟೂ ಆಸೆ ಏರುತ್ತದೆ ಎಂಬುದೇ ನನ್ನ ಚಿಂತೆ.

ಏಕೆಂದರೆ ಇದು ಚೆಂದಕ್ಕಾಗಿ ತೆಗೆದುಕೊಳ್ಳುವ ಮದ್ದಲ್ಲ. ನಿಮ್ಮ ತೂಕವನ್ನು ಕಿಲೋಗಳಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ಹಿಡಿದು ಎರಡು ಸಲ ಭಾಗಿಸಿ. 58 ಕಿಲೋ, 1.60 ಮೀಟರ್ ಇದ್ದರೆ 22.7 ಬರುತ್ತದೆ. ತೂಕ ಇಳಿಸಲು ಈ ಮದ್ದನ್ನು ಸಾಮಾನ್ಯವಾಗಿ ಕೊಡುವುದು ಈ ಸಂಖ್ಯೆ 30 ದಾಟಿದ ವಯಸ್ಕರಿಗೆ, ಇಲ್ಲವೇ 27 ದಾಟಿ ಜೊತೆಗೆ ರಕ್ತದೊತ್ತಡದಂಥ ತೊಂದರೆ ಇರುವವರಿಗೆ. ಹದಿನೆಂಟಕ್ಕಿಂತ ಕಿರಿಯರಿಗೆ ಲೆಕ್ಕವೇ ಬೇರೆ, ಅದನ್ನು ಮಕ್ಕಳ ವೈದ್ಯರು ನೋಡಬೇಕು. 22.7 ಇರುವ ಹುಡುಗಿ ಅಕ್ಕನ ಮದುವೆಯ ಫೋಟೋಕ್ಕಾಗಿ ಇದನ್ನು ಚುಚ್ಚಿಕೊಂಡರೆ ಅವಳಿಗೆ ದಕ್ಕುವುದು ವಾಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಬರಬಹುದು. ಗರ್ಭಿಣಿಯರಿಗೆ ಇದು ಸಲ್ಲದು. ಮನೆತನದಲ್ಲಿ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೂ ಸಲ್ಲದು. ಇನ್ನು ಪರಿಚಯದವರ ಮೂಲಕ ಅಗ್ಗಕ್ಕೆ ತರಿಸುವ ವಿಚಾರ. ನಕಲಿ ಸೆಮಗ್ಲುಟೈಡ್ ಹಲವು ದೇಶಗಳಲ್ಲಿ ಪತ್ತೆಯಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಚ್ಚರಿಸಿತು. ವೈದ್ಯರ ಚೀಟಿ ಕೇಳದೆ ಕೊಡುವ ಅಂಗಡಿಯಿಂದ ದೂರವಿರಿ.

ಸೂಜಿಯ ನೋವಿನ ಬಗ್ಗೆ ಒಂದೇ ಮಾತು. ಈಗಿನ ಇನ್ಸುಲಿನ್ ಪೆನ್ನಿನ ಸೂಜಿ 4 ಮಿಲಿಮೀಟರ್, ಅಂದರೆ ಒಂದು ಜೋಳದ ಕಾಳಿನಷ್ಟು. ಅದು ಸೇರುವುದು ನರಕ್ಕಲ್ಲ, ಚರ್ಮದ ಕೆಳಗಿನ ಕೊಬ್ಬಿಗೆ. ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ ಗಂಟು ಕಟ್ಟುತ್ತದೆ, ಜಾಗ ಬದಲಿಸುತ್ತಿರಬೇಕು. ಒಬ್ಬರ ಪೆನ್ನನ್ನು ಇನ್ನೊಬ್ಬರು, ಅಣ್ಣತಮ್ಮಂದಿರೇ ಆದರೂ, ಬಳಸಕೂಡದು.

ಕೆಡದಂತೆ ಇಡುವುದು ನಮ್ಮ ಬಿಸಿಲಿನಲ್ಲಿ ದೊಡ್ಡ ಕೆಲಸ. ತೆರೆಯದ ಇನ್ಸುಲಿನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು. ಮಂಜುಗಟ್ಟುವ ಮೇಲಿನ ಅರೆಯಲ್ಲಿ ಇಡಬಾರದು, ಗಟ್ಟಿಯಾದದ್ದು ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ಜಿಲ್ಲದ ಮನೆಯಲ್ಲಿ ಬಳಕೆಯಲ್ಲಿರುವ ಸೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಹಸಿ ಮರಳಿನಲ್ಲಿ ಹುಗಿದ ಮಣ್ಣಿನ ಗಡಿಗೆಯೊಳಗೆ, ನೆರಳಿನಲ್ಲಿಡಿ. ಮರಳು ಒಣಗದಂತೆ ನೀರು ಚಿಮುಕಿಸಿ.

ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ತೊದಲು ಬರುತ್ತವೆ. ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನು ಮಾಡಿ.

ಕೊನೆಯದಾಗಿ, ಓದಬಲ್ಲ ನಿಮ್ಮಿಂದ ಆಗಬೇಕಾದ ಒಂದು ಕೆಲಸವಿದೆ. ಇನ್ಸುಲಿನ್ ಸೀಸೆಗಳಲ್ಲಿ ಎರಡು ಬಗೆ. ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಸಿರಿಂಜುಗಳೂ ಹಾಗೆಯೇ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಕಣ್ಣು ಮಂದವಾದ ಅಜ್ಜನ ಕೈಗೆ ಸಿರಿಂಜು ಕೊಡುವ ಮುನ್ನ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ನೀವೇ ಗಟ್ಟಿಯಾಗಿ ಓದಿ ಹೇಳಿ.