ಬೆಟ್ಟದ ಕಲ್ಲಿನಲ್ಲಿ ಬನವಾಸಿಯ ಹೆಸರು



ನಮ್ಮ ಅಕ್ಕಲಕೋಟೆ, ಸೋಲಾಪುರ ಕಡೆಯಿಂದ ಮುಂಬಯಿಗೆ ಕೆಲಸಕ್ಕೆ ಹೋಗುವವರು ಬಹಳ ಜನ. ರೈಲು ಪುಣೆ ದಾಟುತ್ತದೆ. ಲೋಣಾವಳ ಬರುತ್ತದೆ. ಅಲ್ಲಿ ಚಿಕ್ಕಿ ಕೊಂಡು ಮುಂದೆ ಹೋಗುತ್ತೇವೆ. ಆದರೆ ಲೋಣಾವಳಕ್ಕಿಂತ ಸ್ವಲ್ಪ ಮೊದಲು ಮಳವಲಿ ಎಂಬ ಸಣ್ಣ ಸ್ಟೇಶನ್ ಇದೆ. ಅಲ್ಲಿ ಬಲಗಡೆ ಒಂದು ಬೆಟ್ಟ. ಆ ಬೆಟ್ಟದ ಹೊಟ್ಟೆಯೊಳಗೆ ಸುಮಾರು 1,900 ವರ್ಷ ಹಿಂದಿನ ಬೌದ್ಧರ ಮಠ ಇದೆ. ಅದರ ಗೋಡೆಯ ಮೇಲೆ ನಮ್ಮ ಬನವಾಸಿಯ ಹೆಸರೂ ಇದೆ. ಇದು ನಿಮಗೆ ಗೊತ್ತೆ?

ಆ ಜಾಗದ ಹೆಸರು ಕಾರ್ಲಾ. ನಮ್ಮ ಕಲಿಕಾ ಕೇಂದ್ರದ ಹದಿನಾಲ್ಕು ಮಂದಿ ಒಮ್ಮೆ ಅಲ್ಲಿಗೆ ಹೋಗಿದ್ದೆವು. ಅಲ್ಲಿ ಕಂಡದ್ದನ್ನು, ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಬೆಟ್ಟದಲ್ಲಿ ಮಠ ಏಕೆ?

ಬುದ್ಧನ ಶಿಷ್ಯರನ್ನು ಭಿಕ್ಷುಗಳು ಎನ್ನುತ್ತಾರೆ. ಅವರು ಒಂದೇ ಊರಿನಲ್ಲಿ ಇರುತ್ತಿರಲಿಲ್ಲ. ಊರೂರು ತಿರುಗಿ, ಭಿಕ್ಷೆ ಬೇಡಿ, ಧರ್ಮ ಹೇಳುತ್ತಿದ್ದರು. ಆದರೆ ಮಳೆಗಾಲದಲ್ಲಿ ತಿರುಗಬಾರದು ಅಂತ ನಿಯಮ. ಆ ತಿಂಗಳುಗಳಲ್ಲಿ ಒಂದೇ ಕಡೆ ಇರಬೇಕು. ಸಹ್ಯಾದ್ರಿಯ ಮಳೆ ಅಂದರೆ ಸಾಮಾನ್ಯ ಮಳೆಯಲ್ಲ. ಅದಕ್ಕೆ ಕಲ್ಲಿನ ಮನೆಯೇ ಸರಿ.

ಇನ್ನೊಂದು ಕಾರಣವೂ ಇದೆ. ಕೆಳಗೆ ಹಳೆಯ ವ್ಯಾಪಾರದ ದಾರಿ ಇತ್ತು. ಸಮುದ್ರದ ಕಡೆ ಕಲ್ಯಾಣ, ಸೋಪಾರ ಎಂಬ ಬಂದರುಗಳು. ಅಲ್ಲಿಂದ ಘಟ್ಟ ಹತ್ತಿ ಒಳನಾಡಿಗೆ ಸರಕು ಬರುತ್ತಿತ್ತು. ಒಳನಾಡಿನ ದೊಡ್ಡ ಪೇಟೆಗಳಲ್ಲಿ ತಗರ ಒಂದು. ಅದೇ ಇಂದಿನ ತೇರ್, ನಮ್ಮ ಪಕ್ಕದ ಧಾರಾಶಿವ ಜಿಲ್ಲೆಯ ಊರು. ವ್ಯಾಪಾರಿಗಳು ಈ ದಾರಿಯಲ್ಲಿ ಹೋಗುವಾಗ ಬೆಟ್ಟದ ಭಿಕ್ಷುಗಳಿಗೆ ದಾನ ಕೊಡುತ್ತಿದ್ದರು.

ಮೇಲೆ ಏನಿದೆ?

ಬುಡದಿಂದ ಸುಮಾರು 350 ಮೆಟ್ಟಿಲು. ಎರಡೂ ಕಡೆ ತೆಂಗಿನಕಾಯಿ, ಹೂವಿನ ಅಂಗಡಿ. ಏಕೆಂದರೆ ಮಠದ ಬಾಗಿಲ ಮುಂದೆಯೇ ಏಕವೀರಾ ದೇವಿಯ ಗುಡಿ ಇದೆ. ಸಮುದ್ರದಲ್ಲಿ ಮೀನು ಹಿಡಿಯುವ ಕೋಳಿ ಸಮಾಜದವರಿಗೆ ಆಕೆ ಕುಲದೇವತೆ. ಜನರೆಲ್ಲ ದೇವಿಗೆ ಕೈ ಮುಗಿದು ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ದೇವಿಯ ದರ್ಶನ ಮಾಡಿ ಪಕ್ಕಕ್ಕೆ ತಿರುಗಿ ನೋಡಿ.

ಮೊದಲು ಒಂದು ದೊಡ್ಡ ಕಂಬ ಕಾಣುತ್ತದೆ. ಅದರ ತಲೆಯ ಮೇಲೆ ನಾಲ್ಕು ಸಿಂಹ. ಆಮೇಲೆ ಮುಂಗಟ್ಟು. ಅದರ ಗೋಡೆಯಲ್ಲಿ ಗಂಡ ಹೆಂಡತಿ ಜೋಡಿಗಳ ಮೂರ್ತಿ, ಎರಡೂ ಬದಿಗೆ ಆನೆಗಳು. ಆಮೇಲೆ ಒಳಗೆ ದೊಡ್ಡ ಮಂಟಪ. ಇದನ್ನು ಚೈತ್ಯ ಎನ್ನುತ್ತಾರೆ. ಚೈತ್ಯ ಅಂದರೆ ಬೌದ್ಧರು ಸೇರಿ ಪೂಜೆ ಮಾಡುವ ಮನೆ. ಇದರ ಉದ್ದ ಸುಮಾರು 124 ಅಡಿ. ಅಗಲ, ಎತ್ತರ ಎರಡೂ ಸುಮಾರು 45 ಅಡಿ. ಭಾರತದಲ್ಲಿ ಕಲ್ಲು ಕೊರೆದು ಮಾಡಿದ ಚೈತ್ಯಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಒಳಗೆ 37 ಕಂಬಗಳಿವೆ. ಒಂದನ್ನೂ ಹೊರಗಿನಿಂದ ತಂದು ನಿಲ್ಲಿಸಿದ್ದಲ್ಲ. ಬೇಡದ ಕಲ್ಲನ್ನು ಕಡಿದು ತೆಗೆದರು. ಬೇಕಾದದ್ದು ಕಂಬವಾಗಿ ನಿಂತಿತು.

ತಲೆ ಎತ್ತಿ ನೋಡಿದರೆ ಮೇಲೆ ತೇಗದ ಮರದ ಬಾಗಿದ ತೊಲೆಗಳು. ಗುಹೆ ಕೊರೆದ ಕಾಲದ ಮರ ಇಂದೂ ಉಳಿದಿದೆ. ಕೊನೆಯಲ್ಲಿ ಗುಂಡಗಿನ ಕಲ್ಲಿನ ದಿಬ್ಬ ಇದೆ. ಅದು ಸ್ತೂಪ. ಆಗ ಭಿಕ್ಷುಗಳು ಬುದ್ಧನನ್ನು ನೆನೆದು ಇದನ್ನೇ ಸುತ್ತು ಹಾಕುತ್ತಿದ್ದರು. ಮುಂಗಟ್ಟಿನ ಗೋಡೆಯಲ್ಲಿರುವ ಬುದ್ಧನ ಮೂರ್ತಿಗಳು ಕೆಲವು ನೂರು ವರ್ಷಗಳ ನಂತರ ಬಂದವು.

ಪಕ್ಕದಲ್ಲಿ ವಿಹಾರಗಳಿವೆ. ವಿಹಾರ ಅಂದರೆ ಭಿಕ್ಷುಗಳು ಇರುವ ಮನೆ. ನಡುವೆ ಪಡಸಾಲೆ, ಸುತ್ತ ಸಣ್ಣ ಸಣ್ಣ ಕೋಣೆ. ಕುಡಿಯುವ ನೀರಿಗೆ ಕಲ್ಲಿನಲ್ಲೇ ಕೊರೆದ ತೊಟ್ಟಿಗಳೂ ಉಂಟು.

ಖರ್ಚು ಯಾರು ಮಾಡಿದರು?

ಪಾಂಡವರು ಒಂದೇ ರಾತ್ರಿಯಲ್ಲಿ ಇಲ್ಲಿ ದೇವಿಯ ಗುಡಿ ಕಟ್ಟಿದರು ಅಂತ ಜನ ಕತೆ ಹೇಳುತ್ತಾರೆ. ಮಠವನ್ನು ಯಾರು ಮಾಡಿದರು ಅಂತ ಮಾತ್ರ ಕಲ್ಲೇ ಹೇಳುತ್ತದೆ. ಗೋಡೆ, ಕಂಬಗಳ ಮೇಲೆ ದಾನ ಕೊಟ್ಟವರ ಹೆಸರು ಬರೆದಿದೆ. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ಬ್ರಾಹ್ಮಿ ಅಂದರೆ ನಮ್ಮ ಕನ್ನಡ ಅಕ್ಷರದ ಮುತ್ತಜ್ಜಿ ಇದ್ದ ಹಾಗೆ. ಅದರಿಂದಲೇ ಕನ್ನಡ, ತೆಲುಗು, ಮರಾಠಿ ಅಕ್ಷರಗಳು ಬಂದವು.

ಆದರೆ ಕಾಲ ಕಳೆದಂತೆ ಬ್ರಾಹ್ಮಿ ಓದುವವರು ಇಲ್ಲವಾದರು. ಸಾವಿರ ವರ್ಷಕ್ಕೂ ಮೇಲೆ ಯಾರಿಗೂ ಅದು ತಿಳಿಯಲಿಲ್ಲ. ಜನ ಬಂದರು, ನೋಡಿದರು, ಹೋದರು. ಕಲ್ಲಿನ ಹೆಸರು ಕಲ್ಲಿನಲ್ಲೇ ಉಳಿಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ಪಂಡಿತರು ಬ್ರಾಹ್ಮಿ ಅಕ್ಷರ ಓದುವ ಬಗೆ ಕಂಡುಹಿಡಿದರು. ಆಮೇಲೆ ಕಾರ್ಲಾದ ಹೆಸರುಗಳೂ ಓದಲು ಬಂದವು.

ಅಲ್ಲಿ ಯಾರ ಯಾರ ಹೆಸರಿದೆ ನೋಡಿ. ಸಿಂಹದ ಕಂಬ ಕೊಟ್ಟವನು ಅಗ್ನಿಮಿತ್ರಣಕ ಎಂಬ ಅಧಿಕಾರಿ. ಧೇನುಕಾಕಟ ಎಂಬ ಊರಿನ ಗಂಧದ ವ್ಯಾಪಾರಿ ಸಿಂಹದತ್ತ ಒಂದು ಬಾಗಿಲು ಕೊಟ್ಟ. ಅದೇ ಊರಿನ ಸಾಮಿ ಎಂಬ ಬಡಗಿ ಬಾಗಿಲು ಮಾಡಿದ. ಅವನ ಅಪ್ಪನ ಹೆಸರೂ ಇದೆ, ವೇಣುವಾಸ. ಬಡಗಿಗೆ ಅಲ್ಲಿರುವ ಮಾತು ‘ವಢಕಿ’. ನಮ್ಮ ‘ಬಡಗಿ’ಗೆ ಎಷ್ಟು ಹತ್ತಿರ ಅಲ್ಲವೆ? ಯವನರು, ಅಂದರೆ ಹೊರದೇಶದ ಮೂಲದವರು, ಕಂಬಗಳನ್ನು ಕೊಟ್ಟರು. ಹೆಣ್ಣುಮಕ್ಕಳೂ ಕೊಟ್ಟಿದ್ದಾರೆ, ಅವರಲ್ಲಿ ಭಿಕ್ಷುಣಿಯರೂ ಇದ್ದಾರೆ. ರಾಜ ನಹಪಾನನ ಅಳಿಯ ಉಷವದಾತ ಒಂದು ಹಳ್ಳಿಯನ್ನೇ ಕೊಟ್ಟ. ಮಳೆಗಾಲದಲ್ಲಿ ಇಲ್ಲಿ ಇರುವ ಯಾವ ಪಂಥದ ಭಿಕ್ಷುವಿಗೂ ಅದರ ಆದಾಯ ಸಲ್ಲಬೇಕು ಅಂತ ಬರೆಸಿದ.

ಮುಂಗಟ್ಟಿನ ಎಡಬದಿಯಲ್ಲಿ ಇನ್ನೊಂದು ಬರಹ ಇದೆ. ವೈಜಯಂತಿಯ ಭೂತಪಾಲ ಎಂಬ ಸೇಠಿ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಇಡೀ ಜಂಬೂದ್ವೀಪದಲ್ಲಿ ಇದು ಉತ್ತಮವಾದದ್ದು ಅಂತ ಅದರ ಅರ್ಥ. ಸೇಠಿ ಅಂದರೆ ದೊಡ್ಡ ವ್ಯಾಪಾರಿ, ನಮ್ಮ ಶೆಟ್ಟಿ. ಕಲ್ಲಿನ ಮನೆಗೆ ಅಲ್ಲಿರುವ ಮಾತು ‘ಸೇಲಘರ’. ‘ಘರ’ ಅಂದರೆ ಏನು ಅಂತ ಮರಾಠಿ ಬಲ್ಲ ನಿಮಗೆ ನಾನು ಹೇಳಬೇಕಿಲ್ಲ. ವೈಜಯಂತಿ ಅಂದರೆ ಬನವಾಸಿಯ ಹಳೆಯ ಹೆಸರು. ಇಂದಿನ ಉತ್ತರ ಕನ್ನಡ ಜಿಲ್ಲೆಯ ಊರು. ಮುಂದೆ ಕದಂಬ ರಾಜರ ರಾಜಧಾನಿ ಆದದ್ದೂ ಅದೇ. ಅಲ್ಲಿಂದ ಕಾರ್ಲಾಕ್ಕೆ 500 ಕಿಲೋಮೀಟರಿಗಿಂತ ಹೆಚ್ಚು ದಾರಿ. ರೈಲು ಇಲ್ಲದ ಕಾಲ!

ನಾವೂ ಬರೆಯೋಣವೆ?

ಇದನ್ನೆಲ್ಲ ಕೇಳಿ ನಮ್ಮ ಜೊತೆ ಬಂದ ಒಬ್ಬ ಹಿರಿಯರು ಸಣ್ಣ ಕಲ್ಲು ಆರಿಸಿಕೊಂಡು ಗೋಡೆಯ ಹತ್ತಿರ ಹೋದರು. ಅರವತ್ತು ದಾಟಿದ ಮೇಲೆ ಸಹಿ ಕಲಿತವರು ಅವರು.

“ಕಾಕಾ, ಏನು ಮಾಡ್ತೀರಿ?” ಅಂದೆ.

“ಅವರೆಲ್ಲ ಹೆಸರು ಬರದಾರಲ್ಲರಿ ಅಕ್ಕೋರ. ನಾನೂ ಬರೀತೀನಿ. ನನಗೂ ಈಗ ಬರತೈತಿ” ಅಂದರು.

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅವರ ಸಂತೋಷ ಸುಳ್ಳಲ್ಲ. ಆಮೇಲೆ ಹೇಳಿದೆ: “ಕಾಕಾ, ಅವರು ಮೊದಲು ಕಂಬ ಕೊಟ್ಟರು, ಆಮೇಲೆ ಹೆಸರು ಬರೆಸಿದರು. ನಾವು ಈಗ ಗೀಚಿದರೆ ಅವರ ಅಕ್ಷರ ಅಳಿದು ಹೋಗ್ತದೆ. ಅಳಿದರೆ ಮುಂದಿನವರು ಏನು ಓದಬೇಕು?”

ಕಾಕಾ ಸ್ವಲ್ಪ ಹೊತ್ತು ಗೋಡೆ ನೋಡಿದರು. ಅಲ್ಲಿ ಯಾರೋ ಗೀಚಿದ ಗುರುತು ಆಗಲೇ ಇದ್ದವು. ಕೈಯಲ್ಲಿದ್ದ ಕಲ್ಲನ್ನು ಕೆಳಗೆ ಇಟ್ಟರು. ಮಳವಲಿ ಸ್ಟೇಶನ್ನಿನಲ್ಲಿ ಗಾಡಿಗೆ ಕಾಯುವಾಗ ನನ್ನ ಪೆನ್ನು ಕೇಳಿ ತಗೊಂಡರು. ತಮ್ಮ ವಹಿಯಲ್ಲಿ ‘ಭೂತಪಾಲ, ಬನವಾಸಿ’ ಅಂತ ಬರೆದರು. ಕೆಳಗೆ ‘ಸಾಮಿ, ಬಡಗಿ’ ಅಂತ ಬರೆದರು. ಅದರ ಕೆಳಗೆ ತಮ್ಮ ಹೆಸರು, ತಮ್ಮ ಊರಿನ ಹೆಸರು. ‘ಭೂ’ ಬರೆಯುವಾಗ ದೀರ್ಘ ಮರೆತಿದ್ದರು. ನಾನು ತೋರಿಸಿದೆ, ತಿದ್ದಿದರು.

ಕಾನೂನು ಕೂಡ ಹೇಳುತ್ತದೆ. ಕಾರ್ಲಾವನ್ನು ಪುರಾತತ್ವ ಇಲಾಖೆ ಕಾಯುತ್ತದೆ. ಇಂಥ ಜಾಗ ಕೆಡಿಸಿದರೆ 1958ರ ಕಾಯ್ದೆಯ ಪ್ರಕಾರ ಶಿಕ್ಷೆ ಉಂಟು. 2010ರಲ್ಲಿ ಅದನ್ನು ಬಿಗಿ ಮಾಡಿದರು. ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ನೀವು ಹೋಗುವಾಗ

ಪುಣೆಯಿಂದ ಲೋಣಾವಳ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಿರಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ, ಎಚ್ಚರ. ನವರಾತ್ರಿ ಮತ್ತು ಚೈತ್ರದ ಜಾತ್ರೆಯಲ್ಲಿ ಬಹಳ ಗದ್ದಲ. ಚಳಿಗಾಲದ ಬೆಳಿಗ್ಗೆ ಹೋದರೆ ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ. ಸಮಯ ಇದ್ದರೆ ಸ್ಟೇಶನ್ನಿನ ಆಚೆ ಕಡೆಯ ಭಾಜೆ ಗುಹೆಗಳನ್ನೂ ನೋಡಿ. ಅವು ಕಾರ್ಲಾಕ್ಕಿಂತ ಹಳೆಯವು.

ಓದಿ, ಮಾತಾಡಿ, ಬರೆಯಿರಿ

1. ನಿಮ್ಮ ಊರಿನ ಗುಡಿ, ಮಸೀದಿ, ಬಾವಿ, ಶಾಲೆಯ ಕಲ್ಲಿನ ಮೇಲೆ ಏನಾದರೂ ಬರೆದಿದೆಯೆ? ಹೋಗಿ ಓದಿ.

2. ಅಲ್ಲಿರುವ ಹೆಸರುಗಳನ್ನು ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ. ಅವರು ಯಾರು ಅಂತ ಊರಿನ ಹಿರಿಯರನ್ನು ಕೇಳಿ.

3. ಆ ಕಲ್ಲಿನ ಮೇಲೆ ಸುಣ್ಣ, ಬಣ್ಣ ಬಳಿದಿದ್ದಾರೆಯೆ? ಇನ್ನು ಮುಂದೆ ಬಳಿಯದ ಹಾಗೆ ಊರವರಿಗೆ ಹೇಗೆ ತಿಳಿಸುತ್ತೀರಿ? ಕೇಂದ್ರದಲ್ಲಿ ಕೂತು ಮಾತಾಡಿ.