ಬೆಳವಣಿಗೆ ದರದ ವಾದವಿವಾದ: ಪಕ್ಷಗಳ ಲೆಕ್ಕ ಮತ್ತು ಸಣ್ಣ ಉದ್ಯಮಗಳ ಲೆಕ್ಕ

ಚುನಾವಣೆ ಸಮೀಪಿಸಿದಾಗಲೆಲ್ಲ ಆಡಳಿತ ಪಕ್ಷ ಮತ್ತು ವಿರೋಧ ಪಕ್ಷಗಳು ಸರ್ಕಾರದ ಆರ್ಥಿಕ ಸಾಧನೆಯ ಬಗ್ಗೆ ಒಂದಕ್ಕೊಂದು ತಾಳೆಯಾಗದ ಅಂಕಿಅಂಶಗಳನ್ನು ಮಂಡಿಸುವುದು ವಾಡಿಕೆಯಾಗಿದೆ. ಕೇಳುವವರಿಗೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ತೋರುವುದು ಸಹಜ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಇಬ್ಬರೂ ಸರ್ಕಾರಿ ದಾಖಲೆಗಳಿಂದಲೇ ಅಂಕಿಗಳನ್ನು ಎತ್ತಿಕೊಂಡಿರುತ್ತಾರೆ. ಆಧಾರ ವರ್ಷ ಬೇರೆ, ಅಳೆಯುವ ಕ್ರಮ ಬೇರೆ, ಹೋಲಿಕೆಗೆ ಆಯ್ದುಕೊಂಡ ಅವಧಿ ಬೇರೆ ಇರುತ್ತದೆ, ಅಷ್ಟೆ.

ಇದು ರಾಜಕಾರಣಿಗಳ ಜಗಳವೆಂದು ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ದೂರ ಉಳಿಯುವಂತಿಲ್ಲ. ರಿಸರ್ವ್ ಬ್ಯಾಂಕಿನ ಬಡ್ಡಿದರ ನಿರ್ಧಾರ, ಮುಂಗಡಪತ್ರದಲ್ಲಿ ತೆರಿಗೆ ಸಂಗ್ರಹದ ಅಂದಾಜು, ಬ್ಯಾಂಕುಗಳು ಒಂದೊಂದು ಉದ್ದಿಮೆಗೆ ಸಾಲ ನೀಡುವಾಗ ಇಟ್ಟುಕೊಳ್ಳುವ ನಿರೀಕ್ಷೆ ಇವೆಲ್ಲವೂ ಇದೇ ಅಂಕಿಗಳ ಮೇಲೆ ನಿಂತಿವೆ. ಅಷ್ಟೇ ಅಲ್ಲದೆ, ಈ ವಿವಾದದ ತಿರುಳಿನಲ್ಲಿರುವ ಪ್ರಶ್ನೆಯು ಸಣ್ಣ ಉದ್ಯಮಗಳಿಗೇ ಸಂಬಂಧಿಸಿದ್ದು.

2015ರ ಬದಲಾವಣೆ

ಕೇಂದ್ರೀಯ ಸಾಂಖ್ಯಿಕ ಕಚೇರಿಯು 2015ರ ಜನವರಿಯಲ್ಲಿ ಒಟ್ಟು ದೇಶೀಯ ಉತ್ಪನ್ನದ ಹೊಸ ಸರಣಿಯನ್ನು ಪ್ರಕಟಿಸಿತು. ಆಧಾರ ವರ್ಷವು 2004-05ರಿಂದ 2011-12ಕ್ಕೆ ಬದಲಾಯಿತು. ಆಧಾರ ವರ್ಷವನ್ನು ಆಗಾಗ್ಗೆ ಬದಲಾಯಿಸುವುದು ಎಲ್ಲ ದೇಶಗಳಲ್ಲಿಯೂ ಇರುವ ಕ್ರಮ. ಹತ್ತು ವರ್ಷಗಳ ಹಿಂದಿನ ಸರಕುಗಳ ಪಟ್ಟಿಯಿಂದ ಇಂದಿನ ಆರ್ಥಿಕತೆಯನ್ನು ಅಳೆಯಲಾಗದು. ಆದರೆ ಈ ಬಾರಿ ವಿಧಾನವೂ ಬದಲಾಯಿತು. ಮೊದಲು ಖಾಸಗಿ ಕಂಪನಿಗಳ ಉತ್ಪಾದನೆಯನ್ನು ರಿಸರ್ವ್ ಬ್ಯಾಂಕು ಅಧ್ಯಯನ ಮಾಡುತ್ತಿದ್ದ ಸುಮಾರು 2,500 ಕಂಪನಿಗಳ ಮಾದರಿಯಿಂದ ಅಂದಾಜಿಸಲಾಗುತ್ತಿತ್ತು. ಹೊಸ ಸರಣಿಯಲ್ಲಿ ಅದರ ಬದಲು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಕೆಯಾಗುವ ಲಕ್ಷಾಂತರ ಕಂಪನಿಗಳ ಲೆಕ್ಕಪತ್ರಗಳನ್ನು ಬಳಸಲಾಯಿತು. ಎಂಸಿಎ-21 ಎಂದು ಕರೆಯಲಾಗುವ ದತ್ತಾಂಶ ಸಂಗ್ರಹ ಇದೇ.

ಇದರ ಮೊದಲ ಫಲ ಯಾರಿಗೆ ಲಭಿಸಿತೆಂಬುದು ಈಗ ಬಹುತೇಕ ಮರೆತುಹೋಗಿದೆ. ಹಳೆಯ ಸರಣಿಯಲ್ಲಿ ಶೇ. 4.7 ಇದ್ದ 2013-14ರ ಬೆಳವಣಿಗೆಯು ಹೊಸ ಸರಣಿಯಲ್ಲಿ ಶೇ. 6.9 ಎಂದು ಬಂದಿತು. ಮುಂದೆ ಪರಿಷ್ಕರಣೆಯಾಗಿ ಶೇ. 6.4ಕ್ಕೆ ಇಳಿಯಿತು. ಅಂದರೆ ಹಿಂದಿನ ಯುಪಿಎ ಸರ್ಕಾರದ ಕೊನೆಯ ವರ್ಷದ ಸಾಧನೆಯೇ ಮೊದಲು ಹಿಗ್ಗಿತು. ಆ ವರ್ಷಗಳ ಮಂದಗತಿಯನ್ನು ಟೀಕಿಸಿಯೇ 2014ರಲ್ಲಿ ಅಧಿಕಾರಕ್ಕೆ ಬಂದಿದ್ದ ಎನ್‌ಡಿಎ ಸರ್ಕಾರಕ್ಕೆ ಇದು ಮುಜುಗರದ ಸಂಗತಿಯೇ ಆಗಿತ್ತು.

ನಿಜವಾದ ಜಗಳ ಆರಂಭವಾದದ್ದು 2018ರಲ್ಲಿ, ಹಿಂದಿನ ವರ್ಷಗಳ ದರಗಳನ್ನು ಹೊಸ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕುವ ಪ್ರಶ್ನೆ ಬಂದಾಗ. ಸುದೀಪ್ತೋ ಮಂಡಲ್ ನೇತೃತ್ವದ ಸಮಿತಿಯ ವರದಿಯಲ್ಲಿ ಯುಪಿಎ ಆಡಳಿತದ ಕೆಲವು ವರ್ಷಗಳ ಬೆಳವಣಿಗೆ ಶೇ. 10ಕ್ಕೂ ಮೀರಿತ್ತು. ಕಾಂಗ್ರೆಸ್ ಪಕ್ಷ ಅದನ್ನು ತನ್ನ ಸಾಧನೆಯ ಸಾಕ್ಷ್ಯವಾಗಿ ಮುಂದಿಟ್ಟಿತು. ಆ ಅಂಕಿಗಳು ಅಧಿಕೃತವಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಅದೇ ವರ್ಷ ನವೆಂಬರ್ 28ರಂದು ಸಾಂಖ್ಯಿಕ ಕಚೇರಿಯು ನೀತಿ ಆಯೋಗದ ವೇದಿಕೆಯಲ್ಲಿ ಅಧಿಕೃತ ಹಿಂದಿನ ಸರಣಿಯನ್ನು ಬಿಡುಗಡೆ ಮಾಡಿತು. ಅದರ ಪ್ರಕಾರ 2005-06ರಿಂದ 2013-14ರ ವರೆಗಿನ ಸರಾಸರಿ ಬೆಳವಣಿಗೆ ಶೇ. 6.7, ನಂತರದ ನಾಲ್ಕು ವರ್ಷಗಳದು ಸುಮಾರು ಶೇ. 7.4. ಶೇ. 10.3ರಷ್ಟಿದ್ದ 2010-11ರ ದರ ಶೇ. 8.5ಕ್ಕೆ ಕುಸಿಯಿತು. ಮಾಜಿ ವಿತ್ತ ಸಚಿವ ಪಿ. ಚಿದಂಬರಂ ಇದನ್ನು ಕಟುವಾಗಿ ಟೀಕಿಸಿದರೆ, ಅಂದಿನ ವಿತ್ತ ಸಚಿವ ಅರುಣ್ ಜೇಟ್ಲಿ ಸಾಂಖ್ಯಿಕ ಕಚೇರಿಯ ವಿಶ್ವಾಸಾರ್ಹತೆಯನ್ನು ಸಮರ್ಥಿಸಿದರು. ಸಾಂಖ್ಯಿಕ ಕಚೇರಿಯ ಲೆಕ್ಕವನ್ನು ಯೋಜನಾ ಸಂಸ್ಥೆಯೊಂದರ ವೇದಿಕೆಯಿಂದ ಬಿಡುಗಡೆ ಮಾಡಬೇಕಾದ ಅಗತ್ಯವೇನಿತ್ತೆಂಬ ಆಕ್ಷೇಪದಲ್ಲಿ ಮಾತ್ರ ಹುರುಳಿತ್ತು.

2019ರಲ್ಲಿ ಮಾಜಿ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರು 2011-12ರಿಂದ 2016-17ರ ವರೆಗಿನ ದರವು ಸುಮಾರು ಶೇ. 2.5 ಅಂಶಗಳಷ್ಟು ಹೆಚ್ಚಾಗಿ ಅಂದಾಜಾಗಿದೆ, ಶೇ. 7ರ ಬದಲು ಶೇ. 4.5ರ ಆಸುಪಾಸಿನಲ್ಲಿರಬೇಕು ಎಂದು ವಾದಿಸಿದರು. ಪ್ರಧಾನ ಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯು ಅವರ ವಿಧಾನವನ್ನು ಅಲ್ಲಗಳೆಯಿತು. ಅವರು ಆಯ್ದ ಅವಧಿಯಲ್ಲಿ ಎರಡೂ ಸರ್ಕಾರಗಳ ವರ್ಷಗಳು ಸೇರಿದ್ದವು ಎಂಬುದನ್ನು ಆ ವಾದವನ್ನು ಎತ್ತಿಕೊಂಡ ವಿರೋಧ ಪಕ್ಷಗಳೂ, ತಳ್ಳಿಹಾಕಿದ ಆಡಳಿತ ಪಕ್ಷವೂ ಪ್ರಸ್ತಾಪಿಸಿದ್ದು ವಿರಳ.

ಅಸಂಘಟಿತ ವಲಯ ಎಲ್ಲಿ ಕಾಣೆಯಾಗುತ್ತದೆ?

ಈ ಗದ್ದಲದ ನಡುವೆ ಸಣ್ಣ ಉದ್ಯಮಿಗಳಿಗೆ ಅತಿ ಮುಖ್ಯವಾದ ಅಂಶ ಹಿಂದೆ ಸರಿಯಿತು. ನೋಂದಾಯಿತ ಕಂಪನಿಯಲ್ಲದ ಅಂಗಡಿ, ವರ್ಕ್‌ಷಾಪ್, ಮಗ್ಗ, ಗಿರಣಿಗಳ ಉತ್ಪಾದನೆಯನ್ನು ಪ್ರತಿ ವರ್ಷ ಅಳೆಯುವ ವ್ಯವಸ್ಥೆ ಆಗ ಇರಲಿಲ್ಲ. ಐದಾರು ವರ್ಷಗಳಿಗೊಮ್ಮೆ ಮಾದರಿ ಸಮೀಕ್ಷೆ ನಡೆಯುತ್ತಿತ್ತು. 2011-12ರ ಸರಣಿಗೆ ತಳಹದಿಯಾದದ್ದು 2010-11ರ ಸಮೀಕ್ಷೆ. ನಡುವಿನ ವರ್ಷಗಳಲ್ಲಿ ಸಂಘಟಿತ ವಲಯದ ಸೂಚಕಗಳು ಎಷ್ಟು ಏರಿದವೋ ಅಸಂಘಟಿತ ವಲಯದ ಹಲವು ಭಾಗಗಳೂ ಅಷ್ಟೇ ಏರಿದವೆಂದು ಭಾವಿಸಿ ಲೆಕ್ಕವನ್ನು ಮುಂದಕ್ಕೆ ಒಯ್ಯಲಾಗುತ್ತಿತ್ತು.

ಎರಡೂ ವಲಯಗಳು ಜೊತೆಯಾಗಿ ನಡೆಯುವವರೆಗೆ ಈ ಕ್ರಮದಿಂದ ದೊಡ್ಡ ದೋಷವಾಗುವುದಿಲ್ಲ. ಒಂದಕ್ಕೆ ಪೆಟ್ಟು ಬಿದ್ದು ಇನ್ನೊಂದು ಲಾಭ ಪಡೆದಾಗ ಮಾತ್ರ ಲೆಕ್ಕ ತಪ್ಪುತ್ತದೆ. 2016ರ ನವೆಂಬರ್ 8ರ ನೋಟು ಅಮಾನ್ಯೀಕರಣ ಹಾಗೂ 2017ರ ಜುಲೈ 1ರಿಂದ ಜಾರಿಯಾದ ಜಿಎಸ್‌ಟಿ ಅಂತಹ ಸಂದರ್ಭಗಳು. ನಗದಿನಲ್ಲೇ ವಹಿವಾಟು ನಡೆಸುತ್ತಿದ್ದ ಸಣ್ಣ ಘಟಕದ ಗಿರಾಕಿ ದೊಡ್ಡ ಕಂಪನಿಯ ಕಡೆ ಸರಿದರೆ, ದೊಡ್ಡ ಕಂಪನಿಯ ಮಾರಾಟ ಏರುತ್ತದೆ. ಆ ಏರಿಕೆಯೇ ಸಣ್ಣ ಘಟಕದ ಲೆಕ್ಕಕ್ಕೂ ಜಮೆಯಾಗುತ್ತದೆ. ಮುಚ್ಚಿದ ಘಟಕವೂ ಕಾಗದದ ಮೇಲೆ ಬೆಳೆಯುತ್ತದೆ ಎಂದರೂ ಸಲ್ಲುತ್ತದೆ. ಮೊದಲು ಶೇ. 7.1 ಎಂದು ಪ್ರಕಟವಾಗಿದ್ದ 2016-17ರ ದರವು 2019ರ ಜನವರಿಯಲ್ಲಿ ಶೇ. 8.2ಕ್ಕೂ ಅನಂತರ ಶೇ. 8.3ಕ್ಕೂ ಏರಿತು. ಕೋವಿಡ್‌ಗೆ ಮುಂಚಿನ ವರ್ಷಗಳ ಪೈಕಿ ಆ ಸರಣಿಯಲ್ಲಿ ಅತ್ಯಧಿಕ ಬೆಳವಣಿಗೆ ದಾಖಲಾದದ್ದು ನೋಟು ಅಮಾನ್ಯವಾದ ವರ್ಷದಲ್ಲಿ! ಆ ಚಳಿಗಾಲದಲ್ಲಿ ಕೂಲಿ ಬಟವಾಡೆಗೆ ನಗದು ಹೊಂದಿಸಲು ಪರದಾಡಿದವರಿಗೆ ಈ ಅಂಕಿಯನ್ನು ಒಪ್ಪಿಸುವುದು ಕಷ್ಟ.

ಸರ್ಕಾರದ ಪಕ್ಷದ ವಾದವನ್ನೂ ಇಲ್ಲಿ ಪರಿಗಣಿಸಬೇಕು. ಕರಜಾಲಕ್ಕೆ ಬಂದ ವ್ಯವಹಾರಗಳು ಹೆಚ್ಚಿದವು, ಹಿಂದೆ ಲೆಕ್ಕಕ್ಕೆ ಸಿಗದಿದ್ದ ವಹಿವಾಟು ದಾಖಲೆಗೆ ಸೇರಿತು, ಇದು ಆರ್ಥಿಕತೆಯ ಸಂಘಟಿತೀಕರಣ ಎಂಬುದು ಆ ವಾದ. ಅದರಲ್ಲಿ ಸತ್ಯಾಂಶವಿದೆ. ಆದರೆ ಕಾಣದಿದ್ದುದು ಕಾಣತೊಡಗುವುದು ಬೇರೆ, ಹೊಸದಾಗಿ ಉತ್ಪಾದನೆಯಾಗುವುದು ಬೇರೆ.

ಅನಂತರ ಬಂದ ಸಮೀಕ್ಷೆಗಳು ಒಂದಿಷ್ಟು ಬೆಳಕು ಚೆಲ್ಲಿವೆ. ಕೃಷಿಯೇತರ ಅಸಂಘಟಿತ ಉದ್ಯಮಗಳು 2015-16ರಲ್ಲಿ 6.34 ಕೋಟಿ ಇದ್ದು, ಅವುಗಳಲ್ಲಿ 11.13 ಕೋಟಿ ಜನ ದುಡಿಯುತ್ತಿದ್ದರು. 2022-23ರ ಹೊತ್ತಿಗೆ ಘಟಕಗಳು 6.50 ಕೋಟಿಗೆ ಏರಿದರೂ ದುಡಿಯುವವರು 10.96 ಕೋಟಿಗೆ ಇಳಿದಿದ್ದರು. ತಯಾರಿಕೆಯೊಂದರಲ್ಲೇ ಈ ಸಂಖ್ಯೆ ಸುಮಾರು 3.60 ಕೋಟಿಯಿಂದ 3.06 ಕೋಟಿಗೆ ಕುಸಿದಿತ್ತು. ಮರುವರ್ಷ ಚೇತರಿಕೆ ಕಂಡು, 2023-24ರಲ್ಲಿ ಒಟ್ಟು ಘಟಕಗಳು 7.34 ಕೋಟಿಗೂ ದುಡಿಯುವವರು 12.06 ಕೋಟಿಗೂ ತಲುಪಿದರು. ಕುಸಿತದ ಅಂಕಿಯನ್ನು ಒಂದು ಪಕ್ಷ, ಚೇತರಿಕೆಯ ಅಂಕಿಯನ್ನು ಮತ್ತೊಂದು ಪಕ್ಷ ಉಲ್ಲೇಖಿಸುತ್ತಿವೆ.

ಬೆಲೆಯನ್ನು ಕಳೆಯುವ ಲೆಕ್ಕ

ಬೆಲೆ ಏರಿಳಿತವನ್ನು ಕಳೆದು ನೈಜ ಬೆಳವಣಿಗೆಯನ್ನು ಕಂಡುಹಿಡಿಯುವ ಕ್ರಮವೂ ವಿವಾದಕ್ಕೆ ಒಳಗಾಗಿದೆ. ಕಾರ್ಖಾನೆ ನಡೆಸುವವರಿಗೆ ಇದು ಉದಾಹರಣೆಯಿಂದ ಸುಲಭವಾಗಿ ತಿಳಿಯುತ್ತದೆ. ಬೆಳಗಾವಿಯ ಒಂದು ಫೌಂಡ್ರಿ 100 ರೂಪಾಯಿಯ ಎರಕದ ಮಾಲು ಮಾರುತ್ತದೆ, ಅದಕ್ಕೆ 70 ರೂಪಾಯಿಯ ಕಚ್ಚಾ ಮಾಲು ಬಳಸುತ್ತದೆ ಎಂದುಕೊಳ್ಳೋಣ. ಮೌಲ್ಯವರ್ಧನೆ 30 ರೂಪಾಯಿ. ಮರುವರ್ಷ ಕಚ್ಚಾ ಮಾಲಿನ ಬೆಲೆ ಶೇ. 20ರಷ್ಟು ಇಳಿದು 56 ರೂಪಾಯಿ ಆಯಿತು. ಮಾರಾಟದ ಬೆಲೆಯೂ ಪ್ರಮಾಣವೂ ಹಾಗೇ ಉಳಿದವು. ಈಗ ಮೌಲ್ಯವರ್ಧನೆ 44 ರೂಪಾಯಿ. ಎರಕದ ತೂಕ ಒಂದು ಕಿಲೋ ಸಹ ಹೆಚ್ಚಿಲ್ಲ, ಲಾಭ ಮಾತ್ರ ಹೆಚ್ಚಿದೆ. ಮಾರಾಟದ ಬೆಲೆಯೊಂದನ್ನೇ ಆಧರಿಸಿ ಲೆಕ್ಕ ಹಾಕಿದರೆ ಇದು ಶೇ. 46ಕ್ಕೂ ಹೆಚ್ಚಿನ ನೈಜ ಬೆಳವಣಿಗೆಯಾಗಿ ಕಾಣುತ್ತದೆ. ಕಚ್ಚಾ ಮಾಲಿನ ಬೆಲೆಯನ್ನೂ ಪ್ರತ್ಯೇಕವಾಗಿ ಸರಿದೂಗಿಸಿದರೆ ಬೆಳವಣಿಗೆ ಸೊನ್ನೆ. 2014ರ ನಂತರ ಕಚ್ಚಾ ತೈಲದ ಬೆಲೆ ಕುಸಿದಾಗ ತಯಾರಿಕಾ ವಲಯದ ದರ ಏಕೆ ಉಬ್ಬಿತು ಎಂಬ ಪ್ರಶ್ನೆಗೆ ಹಲವು ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರ ಇದೇ. ಕಚ್ಚಾ ಮಾಲಿನ ಬೆಲೆ ಏರುವ ವರ್ಷಗಳಲ್ಲಿ ದೋಷ ತಿರುಗುಮುರುಗಾಗುತ್ತದೆ ಎಂಬುದೂ ನೆನಪಿರಲಿ.

ಉದ್ಯೋಗದ ಅಂಕಿಗಳ ಕಥೆಯೂ ಭಿನ್ನವಲ್ಲ. 2017-18ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಟಣೆ ತಡವಾದ ಕಾರಣ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು 2019ರ ಜನವರಿಯಲ್ಲಿ ರಾಜೀನಾಮೆ ನೀಡಿದರು. ಶೇ. 6.1ರ ನಿರುದ್ಯೋಗ ದರವನ್ನು ಒಳಗೊಂಡ ಆ ವರದಿ ಲೋಕಸಭಾ ಚುನಾವಣೆಯ ಫಲಿತಾಂಶದ ನಂತರ, ಮೇ 31ರಂದು ಹೊರಬಂದಿತು. 2023-24ರಲ್ಲಿ ದರ ಶೇ. 3.2ಕ್ಕೆ ಇಳಿದಿರುವುದನ್ನು ಸರ್ಕಾರ ಸಾಧನೆಯೆಂದರೆ, ಅದೇ ಅವಧಿಯಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಶೇ. 52.2ರಿಂದ 58.4ಕ್ಕೆ ಏರಿರುವುದನ್ನು ವಿರೋಧ ಪಕ್ಷಗಳು ಬೊಟ್ಟು ಮಾಡುತ್ತವೆ. ಎರಡೂ ಅಂಕಿಗಳು ಒಂದೇ ಸಮೀಕ್ಷೆಯವು.

ಯಾರ ಪಾಲು ಎಷ್ಟು ಎಂಬ ಪ್ರಶ್ನೆ

ಒಟ್ಟು ಬೆಳವಣಿಗೆಯ ಬಗ್ಗೆ ಒಮ್ಮತವಿಲ್ಲದಾಗ ಚರ್ಚೆಯು ಬೆಳವಣಿಗೆಯಲ್ಲಿ ಯಾರ ಪಾಲೆಷ್ಟು ಎಂಬ ಕಡೆಗೆ ಹೊರಳುತ್ತದೆ. ಅಸ್ಮಿತೆಯ ರಾಜಕಾರಣವೆಂದು ಕರೆಯಲಾಗುವ ವಿಷಯವು ವಾಣಿಜ್ಯಕ್ಕೆ ತಗಲುವುದು ಇಲ್ಲಿಯೇ. ಜಾತಿವಾರು ಪೂರ್ಣ ಎಣಿಕೆ ಕೊನೆಯದಾಗಿ ಪ್ರಕಟವಾದದ್ದು 1931ರ ಜನಗಣತಿಯಲ್ಲಿ. ಬಿಹಾರವು 2023ರಲ್ಲಿ ತನ್ನ ಸಮೀಕ್ಷೆಯನ್ನು ಪ್ರಕಟಿಸಿತು. ಕರ್ನಾಟಕದಲ್ಲಿ 2015ರಲ್ಲಿ ನಡೆದ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. ಪ್ರಬಲ ಸಮುದಾಯಗಳ ಆಕ್ಷೇಪಗಳ ನಂತರ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆ ಆರಂಭವಾಯಿತು. ಆಕ್ಷೇಪಿಸಿದವರು ಆಡಳಿತ ಪಕ್ಷದಲ್ಲೂ ಇದ್ದರು, ವಿರೋಧ ಪಕ್ಷದಲ್ಲೂ ಇದ್ದರು. ಮುಂದಿನ ಜನಗಣತಿಯಲ್ಲಿ ಜಾತಿ ಎಣಿಕೆಯನ್ನು ಸೇರಿಸಲು ಕೇಂದ್ರ ಸಚಿವ ಸಂಪುಟ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು.

ಸರ್ಕಾರಿ ಕಾಮಗಾರಿ ಹಾಗೂ ಸರಬರಾಜಿನಲ್ಲಿ ತೊಡಗಿದವರಿಗೆ ಈ ಎಣಿಕೆಗಳು ಕೇವಲ ಸುದ್ದಿಯಲ್ಲ. ರಾಜ್ಯದ ಸಾರ್ವಜನಿಕ ಸಂಗ್ರಹಣೆ ಕಾಯ್ದೆಯಡಿ ನಿಗದಿತ ಮೊತ್ತದವರೆಗಿನ ಗುತ್ತಿಗೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95, ಪ್ರವರ್ಗ-1ಕ್ಕೆ ಶೇ. 4, ಪ್ರವರ್ಗ-2ಎಗೆ ಶೇ. 15 ಮೀಸಲಾತಿ ಕಲ್ಪಿಸಲಾಗಿತ್ತು. 2025ರ ಮಾರ್ಚ್‌ನಲ್ಲಿ ವಿಧಾನಮಂಡಲವು ಪ್ರವರ್ಗ-2ಬಿಗೆ ಶೇ. 4 ಸೇರಿಸುವ ಮತ್ತು ಕಾಮಗಾರಿಗಳ ಮಿತಿಯನ್ನು 2 ಕೋಟಿ ರೂಪಾಯಿಗೆ ಏರಿಸುವ ಮಸೂದೆಯನ್ನು ಅಂಗೀಕರಿಸಿತು. ಇದು ಧರ್ಮಾಧಾರಿತವೆಂದು ಬಿಜೆಪಿ ವಿರೋಧಿಸಿತು; ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮೊದಲಿನಿಂದ ಇರುವ ಪ್ರವರ್ಗಕ್ಕೇ ನೀಡಲಾಗಿದೆಯೆಂದು ಸರ್ಕಾರ ಸಮರ್ಥಿಸಿತು. ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಎರಡೂ ಕಡೆಯ ಭಾಷಣಗಳಲ್ಲಿ ಮಿತಿ ಏರಿಕೆಯ ಪ್ರಸ್ತಾಪ ಕಡಿಮೆ. ಸಣ್ಣ ಗುತ್ತಿಗೆದಾರರ ದೃಷ್ಟಿಯಲ್ಲಿ ಅದೂ ತೂಕದ ಅಂಶವೇ.

2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿ, ಉದ್ಯಮ ವಲಯದ ಪ್ರತಿಭಟನೆಯ ಬಳಿಕ ಕೆಲವೇ ದಿನಗಳಲ್ಲಿ ತಡೆಹಿಡಿದದ್ದೂ ಇದೇ ಸಾಲಿಗೆ ಸೇರುತ್ತದೆ. ಹರಿಯಾಣದ ಶೇ. 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿಯೇ ರದ್ದುಪಡಿಸಿತ್ತು.

ತೆರಿಗೆ ಪಾಲಿನ ವಿವಾದವು ಅಂಕಿಗಳ ಆಯ್ಕೆಗೆ ಉತ್ತಮ ನಿದರ್ಶನ. ಕೇಂದ್ರ ತೆರಿಗೆಗಳಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಅವಧಿಯಲ್ಲಿ ಶೇ. 4.713 ಇದ್ದು, 2021-26ರ ಅವಧಿಗೆ ಶೇ. 3.647ಕ್ಕೆ ಇಳಿಯಿತು. ರಾಜ್ಯ ಸರ್ಕಾರ 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟಿಸಿದಾಗ ಮುಂದಿಟ್ಟದ್ದು ಈ ಶೇಕಡಾವಾರು. 2014ಕ್ಕೆ ಹಿಂದಿನ ದಶಕಕ್ಕಿಂತ ಹಲವು ಪಟ್ಟು ಹೆಚ್ಚು ಹಣ ರಾಜ್ಯಕ್ಕೆ ಬಂದಿದೆಯೆಂದು ಕೇಂದ್ರ ಉತ್ತರಿಸಿದ್ದು ರೂಪಾಯಿ ಮೊತ್ತದಲ್ಲಿ. ಒಟ್ಟು ತೆರಿಗೆ ಬೆಳೆದಾಗ ಸಣ್ಣ ಪಾಲೂ ದೊಡ್ಡ ಮೊತ್ತವಾಗುವುದರಿಂದ ಎರಡೂ ಹೇಳಿಕೆಗಳು ನಿಜ. ಸೆಸ್ ಮತ್ತು ಸರ್‌ಚಾರ್ಜ್‌ಗಳು ಹಂಚಿಕೆಯ ನಿಧಿಗೆ ಸೇರುವುದೇ ಇಲ್ಲವೆಂಬುದು ಈ ವಾಗ್ವಾದದಲ್ಲಿ ಇನ್ನಷ್ಟು ಒತ್ತು ಪಡೆಯಬೇಕಿತ್ತು.

ಬಾಗಿಲಿಗೆ ಬರುವ ಗಣತಿದಾರ

2022-23ನ್ನು ಆಧಾರ ವರ್ಷವಾಗಿಸಿ ಹೊಸ ಸರಣಿ ರೂಪಿಸುವ ತೀರ್ಮಾನದೊಂದಿಗೆ, ಅಸಂಘಟಿತ ಉದ್ಯಮಗಳ ವಾರ್ಷಿಕ ಸಮೀಕ್ಷೆಯ ಮಹತ್ವ ಹೆಚ್ಚಿದೆ. ಕಂಪನಿಯಾಗಿ ನೋಂದಾಯಿತವಾಗದ ಮಾಲೀಕತ್ವ ಹಾಗೂ ಪಾಲುದಾರಿಕೆಯ ಘಟಕಗಳು ಇದರ ವ್ಯಾಪ್ತಿಗೆ ಬರುತ್ತವೆ. ಸಮೀಕ್ಷಾ ಸಿಬ್ಬಂದಿ ಅಂಗಡಿಗೆ ಬಂದಾಗ ಮಾಲೀಕರು ತೆರಿಗೆ ಇಲಾಖೆಯವರೆಂದು ಶಂಕಿಸಿ ವಹಿವಾಟನ್ನು ಕಡಿಮೆ ಹೇಳುವ, ಇಲ್ಲವೇ ಮಾಹಿತಿ ನಿರಾಕರಿಸುವ ಪ್ರವೃತ್ತಿ ಸಾಮಾನ್ಯ. 2008ರ ಸಾಂಖ್ಯಿಕ ಸಂಗ್ರಹಣಾ ಕಾಯ್ದೆಯ ಪ್ರಕಾರ ಹೀಗೆ ನೀಡಿದ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಮಾತ್ರ ಬಳಸಬಹುದು. ಘಟಕದ ಗುರುತು ತಿಳಿಯುವಂತೆ ಅದನ್ನು ಪ್ರಕಟಿಸುವಂತಿಲ್ಲ, ತೆರಿಗೆ ನಿರ್ಧರಣೆಗೂ ಒದಗಿಸುವಂತಿಲ್ಲ. ಸಿಬ್ಬಂದಿಯ ಗುರುತಿನ ಚೀಟಿಯನ್ನು ಪರಿಶೀಲಿಸಿ, ದುಡಿಯುವವರ ಸಂಖ್ಯೆ, ಕೊಳ್ಳುವ ಕಚ್ಚಾ ಮಾಲಿನ ಮೌಲ್ಯ ಮತ್ತು ತಿಂಗಳ ವಹಿವಾಟನ್ನು ಇದ್ದುದು ಇದ್ದಂತೆ ತಿಳಿಸಬಹುದಾಗಿದೆ. ಮಾದರಿಯಲ್ಲಿ ಆಯ್ಕೆಯಾದ ಒಂದು ಘಟಕವು ಅದೇ ಬಗೆಯ ನೂರಾರು ಘಟಕಗಳ ಪ್ರತಿನಿಧಿಯಾಗಿ ಲೆಕ್ಕಕ್ಕೆ ಸೇರುತ್ತದೆ.